ಅಪ್ಪ ಹಾಸ್ಪೈಸ್‌ನಲ್ಲಿದಾರೆ, ಯೇಸುಸ್ವಾಮಿ ಬೇಡ ಅಂದಿದ್ದು ನಂಗೂ ಬೇಡ ಅಂತ ನೋವಿನ ಔಷಧಿ ಮಾರ್ಫಿನ್ ತಗೋತಿಲ್ಲ, ಏನ್ ಹೇಳ್ಲಿ?

ಮೈಸೂರ_ಮಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಭೆಗೆ (ಚರ್ಚಿಗೆ) ಹೋಗೋರೂ ಇದ್ದೀರಿ ಆಸ್ಪತ್ರೇಲಿ ಕೆಲಸ ಮಾಡೋರೂ ಇದ್ದೀರಿ ಅಂತ ನೋಡಿದೀನಿ, ಅದಕ್ಕೆ ಇಲ್ಲೇ ಕೇಳ್ತಿದೀನಿ, ಸ್ವಲ್ಪ ಉದ್ದ ಆಗತ್ತೆ.

ನಮ್ಮಪ್ಪಂಗೆ ಶ್ವಾಸಕೋಶದ ಕ್ಯಾನ್ಸರ್. ಬೆನ್ನುಮೂಳೆ, ಸೊಂಟದ ಮೂಳೆಗೆಲ್ಲ ಹರಡಿದೆ. ಇನ್ನು ಕೀಮೋ ಕೊಟ್ರೆ ಮೈ ತಡ್ಕೊಳ್ಳಲ್ಲ ಅಂತ ಡಾಕ್ಟರ್ ನೇರವಾಗೇ ಹೇಳಿದ್ರು, ಮನೇಲಿ ಅವರ ನೋವು ನೋಡಕ್ಕಾಗ್ದೆ ಬೆಂಗಳೂರಲ್ಲಿ ಒಂದು ಹಾಸ್ಪೈಸ್‌ಗೆ, ಅಂದ್ರೆ ವಾಸಿಯಾಗದ ಕಾಯಿಲೆಯವರನ್ನ ಕೊನೇ ದಿನಗಳಲ್ಲಿ ನೋವಿಲ್ಲದ ಹಾಗೆ ನೋಡ್ಕೊಳ್ಳೋ ಕಡೆ, ಸೇರಿಸಿದೀವಿ. ಅಲ್ಲಿಯವರ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ, ಅಷ್ಟು ಚೆನ್ನಾಗಿ ನೋಡ್ಕೋತಾರೆ. ಕಷ್ಟ ಇರೋದು ಬೇರೆ ಕಡೆ.

ಅಪ್ಪ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ನಮ್ಮದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್ ಸಭೆ), ಸಭೆ ಕಮಿಟಿಲೂ ಇದ್ರು, ಭಾನುವಾರ ಸತ್ಯವೇದ (ಬೈಬಲ್) ಪಾಠ ಓದೋದು ಹೆಚ್ಚು ಕಮ್ಮಿ ಅವರೇ. ಈಗ ಏನಂತಾರೆ ಅಂದ್ರೆ, ಶಿಲುಬೆ ಮೇಲೆ ಏರಿಸೋ ಮುಂಚೆ ಯೇಸುಸ್ವಾಮಿಗೆ ನೋವು ಗೊತ್ತಾಗ್ದಿರ್ಲಿ ಅಂತ ರಕ್ತಬೋಳ (ಒಂದು ಗಿಡದ ಅಂಟು) ಬೆರೆಸಿದ ದ್ರಾಕ್ಷಾರಸ ಕೊಡಕ್ಕೆ ಬಂದ್ರು, ಆತ ತಗೊಳ್ಳಲಿಲ್ಲ, ಮಾರ್ಕ 15ನೇ ಅಧ್ಯಾಯ ನೋಡು, ಆತ ಬೇಡ ಅಂದಿದ್ದನ್ನ ನಾನು ಹೇಗೆ ತಗೊಳ್ಲಿ ಅಂತ. ಡಾಕ್ಟರ್ ಬಂದು ಹೇಳಿದ್ರೂ ಇದೇ ಉತ್ರ, ನರ್ಸ್ ಕೊಟ್ಟ ಮಾತ್ರೆ ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಉಗೀತಾರೆ. ಮಗ್ಗುಲು ಬದಲಾಯ್ಸೋವಾಗ ಅವರು ಹಲ್ಲು ಕಚ್ಚೋದು ನೋಡಕ್ಕಾಗಲ್ಲ ನಂಗೆ.

ಎರಡನೇದು, ಪರಿಚಯದ ಒಂದು ಪ್ರೇಯರ್ ಗುಂಪಿನವರು ಬರ್ತಾರೆ, ಪ್ರೀತಿಯಿಂದಾನೇ ಬರ್ತಾರೆ, ಅದರಲ್ಲಿ ಡೌಟಿಲ್ಲ. ಆದ್ರೆ ಮಂಚದ ಸುತ್ತ ನಿಂತ್ಕೊಂಡು ಗಟ್ಟಿಯಾಗಿ ಸ್ವಸ್ಥತೆ ಪ್ರಾರ್ಥನೆ, ನಂಬಿಕೆ ಇಡಿ ಮೇಷ್ಟ್ರೇ ಎದ್ದು ನಡೀತೀರಿ ಅಂತ. ಅವರು ಹೋದ್ಮೇಲೆ ಅಪ್ಪ ಅಮ್ಮನ ಹತ್ರ ನನ್ನ ನಂಬಿಕೆ ಸಾಲ್ಲಿಲ್ಲವೇನೋ ಕಣೆ ಅಂದ್ರಂತೆ. ಇನ್ನೊಂದಿನ ರಾತ್ರಿ ನಾನೇ ಇದ್ದೆ, ದೇವರು ಯಾಕೆ ಇಷ್ಟು ಸುಮ್ಮನಿದಾನೆ ಅಂತ ಕೇಳಿದ್ರು, ಅಮ್ಮ ತಕ್ಷಣ ಅಯ್ಯೋ ಹಾಗೆಲ್ಲ ಮಾತಾಡ್ಬೇಡಿ ಅಂತ ಬಾಯಿ ಮುಚ್ಚಿಸಿಬಿಟ್ರು, ಅಲ್ಲಿಗೆ ಮಾತು ನಿಂತೋಯ್ತು.

ಇದರ ಮೇಲೆ ಕುವೈತ್‌ನಲ್ಲಿರೋ ನಮ್ಮಣ್ಣ ದಿನಾ ಫೋನು. ಹಾಸ್ಪೈಸ್‌ಗೆ ಹಾಕಿದ್ದು ಅಂದ್ರೆ ಕೈಬಿಟ್ಟ ಹಾಗೆ, ದೇವರು ಕೊಟ್ಟ ಜೀವ ಉಳಿಸೋಕೆ ಕೊನೇತನಕ ಪ್ರಯತ್ನ ಮಾಡ್ಬೇಕು, ಐಸಿಯು ಇರೋ ಕಡೆ ಶಿಫ್ಟ್ ಮಾಡಿ ದುಡ್ಡು ನಾನು ಕಳಿಸ್ತೀನಿ ಅಂತಾನೆ.

ಕ್ರೈಸ್ತಳಾಗಿ ನಾನು ಮಾಡ್ತಿರೋದು ಸರಿನಾ? ಅಪ್ಪನ ಪ್ರಶ್ನೆಗೆ ಏನು ಉತ್ರ ಹೇಳ್ಬೇಕು? ತಿಳಿದವರು ಹೇಳಿ ಪ್ಲೀಸ್.

ವಿಶ್ವಾಸಿ_ದಾವಣಗೆರೆ

ಸಿಸ್ಟರ್ ನಿಮ್ಮ ತಂದೆಯವರ ಹೆಸರು ಹೇಳದಿದ್ರೂ ಪರವಾಗಿಲ್ಲ, ನಮ್ಮ ಮನೇಲಿ ಇವತ್ತಿಂದ ಪ್ರಾರ್ಥನೆ ಮಾಡ್ತೀವಿ. ಒಂದು ಮಾತು ಹೇಳ್ಲೇಬೇಕು, ನಿರೀಕ್ಷೆ ಬಿಡಬೇಡಿ. ಹಿಜ್ಕೀಯ ರಾಜನಿಗೆ ನೀನು ಸಾಯ್ತೀಯ ಅಂತ ಪ್ರವಾದಿ ಯೆಶಾಯನೇ ಬಂದು ಹೇಳಿದ್ದ, ಆದ್ರೂ ಆತ ಗೋಡೆ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥನೆ ಮಾಡಿದಾಗ ದೇವರು 15 ವರ್ಷ ಆಯುಸ್ಸು ಕೂಡಿಸಿಕೊಟ್ಟ. ಲಾಜರ ಸಮಾಧಿ ಸೇರಿ 4 ದಿನ ಆಗಿತ್ತು, ಆದ್ರೂ ಯೇಸುಸ್ವಾಮಿ ಎಬ್ಬಿಸಿದ. ಡಾಕ್ಟರ್ ಕೈಚೆಲ್ಲಿದ ಮೇಲೂ ದೇವರು ಕೆಲಸ ಮಾಡಿರೋದನ್ನ ನಾನು ನಮ್ಮ ಮನೇಲೇ ನೋಡಿದೀನಿ ಅದಕ್ಕೆ ಹೇಳ್ತಿದೀನಿ. ಪ್ರೇಯರ್‌ಗೆ ಬರೋರನ್ನ ತಡೀಬೇಡಿ, ಅದು ನಿಮ್ಮ ತಂದೆಗೆ ಬಲ.

ಕಡಲತಡಿಯ_ನರ್ಸ್

ನಾನು ಮಂಗಳೂರು ಕಡೆಯವಳು, ಪ್ಯಾಲಿಯೇಟಿವ್ ವಾರ್ಡಿನಲ್ಲಿ (ವಾಸಿಯಾಗದ ರೋಗದವರ ನೋವು ಇಳಿಸುವ ವಾರ್ಡು) ಕೆಲಸ, ಕಥೋಲಿಕಳು. ನಾನು ಮೊದಲು ನೋವಿನ ವಿಷಯ ಹೇಳ್ತೇನೆ, ಪ್ರಾರ್ಥನೆಯ ವಿಷಯ ಆಮೇಲೆ, ಯಾಕಂದ್ರೆ ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ಇದ್ದವರಿಗೆ ಪ್ರಾರ್ಥನೆ ಮಾಡ್ಲಿಕ್ಕೂ ಆಗುದಿಲ್ಲ, ಮಗಳ ಹತ್ರ ನಾಲ್ಕು ಮಾತಾಡ್ಲಿಕ್ಕೂ ಆಗುದಿಲ್ಲ, ಅವರ ಜೀವವೆಲ್ಲ ಆ ನೋವನ್ನು ತಡ್ಕೊಳ್ಳುದರಲ್ಲೇ ಮುಗೀತದೆ.

ಮಾರ್ಫಿನ್ ಅಂದ್ರೆ ಜನಕ್ಕೆ ಹೆದರಿಕೆ ಉಂಟು, ಚಟ ಹಿಡೀತದೆ, ಪ್ರಜ್ಞೆ ತಪ್ಪಿಸ್ತಾರೆ, ಬೇಗ ಸಾಯಿಸ್ಲಿಕ್ಕೆ ಕೊಡುದು ಅಂತೆಲ್ಲ. ಬಾಯಿಯಿಂದ ಕೊಡುವ ಮಾತ್ರೆಯನ್ನು ಸಣ್ಣ ಡೋಸಿನಿಂದ ಶುರು ಮಾಡಿ ನೋವು ನೋಡಿಕೊಂಡು ಏರಿಸುದು, ಸಾಮಾನ್ಯವಾಗಿ 4 ಗಂಟೆಗೊಮ್ಮೆ, ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ. ಮೊದಲ ಕೆಲವು ದಿನ ಸ್ವಲ್ಪ ಮಂಪರು ಇರ್ತದೆ, ಆಮೇಲೆ ಇಳೀತದೆ. ಮಲಬದ್ಧತೆ ಮಾತ್ರ ಆಗಿಯೇ ಆಗ್ತದೆ, ಅದಕ್ಕೆ ಜೊತೆಯಲ್ಲೇ ಮದ್ದು ಕೊಡ್ತಾರೆ. ಹೀಗೆ ಸರಿಯಾಗಿ ಕೊಟ್ಟರೆ ಅದರಿಂದ ಸಾವು ಹತ್ರ ಬರುದಿಲ್ಲ. ನಿಮ್ಮ ತಂದೆ ಲೆಕ್ಕದ ಮೇಷ್ಟ್ರು ಅಂದ್ರಲ್ಲ, ಡೋಸು ಎಷ್ಟು, ಯಾಕೆ, ಎಷ್ಟು ಹೊತ್ತು ಕೆಲಸ ಮಾಡ್ತದೆ ಅಂತ ಡಾಕ್ಟರ ಹತ್ರ ಕೂತು ಬಿಡಿಸಿ ಹೇಳ್ಸಿ. ಅಂಥವರಿಗೆ ಪೂರ್ತಿ ವಿಷಯ ಗೊತ್ತಾದ್ರೆ ಅರ್ಧ ಹೆದರಿಕೆ ಹೋಗ್ತದೆ. ಮತ್ತೆ ಮಾತ್ರೆ ಉಗೀತಾ ಇದ್ದಾರೆ ಅಂತ ವಾರ್ಡಿನವರಿಗೆ ಇವತ್ತೇ ಹೇಳಿ, ಅವರು ತಗೊಳ್ತಾ ಇದ್ದಾರೆ ಅಂತ ಗ್ರಹಿಸಿ ಡೋಸು ಏರಿಸ್ತಾ ಹೋದ್ರೆ ಒಂದಿನ ನಿಜವಾಗಿ ನುಂಗಿದಾಗ ಜಾಸ್ತಿ ಆಗ್ತದೆ. ಇದು ತುಂಬ ಮುಖ್ಯ.

ಇನ್ನು ಹಾಸ್ಪೈಸ್ ಅಂದ್ರೆ ನಂಬಿಕೆ ಬಿಟ್ಟವರ ಜಾಗ ಅನ್ನುವವರಿಗೆ ಒಂದು ವಿಷಯ. ಈಗಿನ ಹಾಸ್ಪೈಸ್ ಶುರು ಮಾಡಿದ್ದೇ ಒಬ್ಬರು ಕ್ರೈಸ್ತ ವಿಶ್ವಾಸಿ ಹೆಂಗಸು, ಸಿಸಿಲಿ ಸಾಂಡರ್ಸ್ ಅಂತ. ಮೊದಲು ನರ್ಸು, ಬೆನ್ನುನೋವಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್, ಆಮೇಲೆ ಸಾಯುವವರ ನೋವಿಗೆ ಏನಾದ್ರೂ ಮಾಡ್ಬೇಕು ಅಂತ ದೊಡ್ಡ ಪ್ರಾಯದಲ್ಲಿ ಮೆಡಿಕಲ್ ಓದಿ ಡಾಕ್ಟರ್. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ್ರು, 2005ರಲ್ಲಿ ತೀರಿಕೊಂಡದ್ದು ಅದೇ ಹಾಸ್ಪೈಸಿನಲ್ಲಿ. ಮಾರ್ಫಿನನ್ನು ಹೊತ್ತು ಹೊತ್ತಿಗೆ ಕ್ರಮವಾಗಿ ಕೊಡುವುದನ್ನು ಅಷ್ಟು ಪಟ್ಟು ಹಿಡಿದು ಹೇಳಿದ್ದೂ ಅವರೇ. ಮೈಯ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ನೋವು ನಾಲ್ಕೂ ಒಂದೇ ನೋವಾಗಿ ಇರ್ತದೆ, ಒಂದನ್ನು ಬಿಟ್ಟು ಒಂದನ್ನು ನೋಡ್ಲಿಕ್ಕೆ ಆಗುದಿಲ್ಲ ಅಂತ ಅವರು ಹೇಳಿದ್ದು. ನಮ್ಮ ದೇಶದಲ್ಲಿ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಸದನ, ಅಲ್ಲಿ ಸೇವೆ ಮಾಡ್ಲಿಕ್ಕೆ ನಿಂತದ್ದೂ ಕನ್ಯಾಸ್ತ್ರೀಯರು.

ನಮ್ಮ ಕಥೋಲಿಕರಲ್ಲೂ ಇಂಥದ್ದೇ ಒಂದು ಕಷ್ಟ ಉಂಟು, ಹೇಳ್ತೇನೆ. ರೋಗಿಗೆ ಅಭ್ಯಂಗ, ಅಂದ್ರೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಕೊಡ್ಲಿಕ್ಕೆ ಫಾದರನ್ನು ಕರೀಲಾ ಅಂತ ಕೇಳಿದ್ರೆ ಮನೆಯವರು ಬೇಡ ಬೇಡ ಸಿಸ್ಟರ್, ಫಾದರ್ ಬಂದ್ರೆ ಅವರಿಗೆ ಗೊತ್ತಾಗ್ತದೆ ಅಂತ ಬಾಗಿಲಲ್ಲೇ ತಡೀತಾರೆ. ಆ ಸಂಸ್ಕಾರ ಉಸಿರು ನಿಲ್ಲುವ ಗಳಿಗೆಗೆ ಮಾತ್ರ ಇರುವುದಲ್ಲ ಅಂತ ನಮ್ಮ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿಯಾಗಿದೆ, 1972ರಲ್ಲಿ ವಿಧಿಯನ್ನೂ ಬದಲಾಯಿಸಿದ್ರು, ಆದ್ರೂ ನಮ್ಮ ಜನರ ಮನಸ್ಸಿನಲ್ಲಿ ಅದು ಸಾವಿನ ಎಣ್ಣೆ. ಕಡೆಗೆ ರೋಗಿಗೆ ಪ್ರಜ್ಞೆ ಇಲ್ಲದಾಗ ಓಡಿ ಹೋಗಿ ಕರೀತಾರೆ. ಪಾಪನಿವೇದನೆ ಮಾಡಿ ಹಗುರಾಗುವ ಅವಕಾಶವೇ ಆ ಮನುಷ್ಯನಿಗೆ ಸಿಗುದಿಲ್ಲ. ನನಗೆ ಇದರಷ್ಟು ಬೇಜಾರು ಬೇರೆ ಯಾವುದರಲ್ಲೂ ಆಗುದಿಲ್ಲ.

ನೋವಿನ ಮದ್ದಿನ ಬಗ್ಗೆ ನಮ್ಮ ಸಭೆ ಸ್ಪಷ್ಟವಾಗಿ ಹೇಳಿದೆ. 1957ರಲ್ಲಿ ಪೋಪ್ 12ನೇ ಪಿಯುಸ್ ಅವರ ಹತ್ರ ಡಾಕ್ಟರುಗಳು ಇದನ್ನೇ ಕೇಳಿದ್ರು, ಕ್ರೈಸ್ತನಾದವನು ನೋವು ಸಹಿಸಲೇಬೇಕು ಅಂತ ಕಟ್ಟಳೆ ಇಲ್ಲ, ನೋವು ಇಳಿಸ್ಲಿಕ್ಕೆ ಮದ್ದು ತಗೊಳ್ಳಬಹುದು ಅಂತಲೇ ಅವರ ಉತ್ತರ. ನಿಮ್ಮದು ಬೇರೆ ಸಭೆ, ಪೋಪರ ಮಾತು ನಿಮ್ಮ ತಂದೆಗೆ ಲೆಕ್ಕಕ್ಕೆ ಬರ್ಲಿಕ್ಕಿಲ್ಲ. ಆದ್ರೆ ಅವರು ಕೇಳಿದ ಪ್ರಶ್ನೆಯನ್ನು ಬೇರೆ ವಿಶ್ವಾಸಿಗಳೂ ಭಯಭಕ್ತಿಯಿಂದಲೇ ಕೇಳಿದ್ದಾರೆ ಅಂತ ಗೊತ್ತಾಗ್ಲಿ.

ನಿವೃತ್ತ_ಅಯ್ಯನವರು_ಹುಬ್ಬಳ್ಳಿ

ತಂಗಿ, ನಿಮ್ಮ ಪತ್ರ ಎರಡು ಸರ್ತಿ ಓದಿದೆ. ನಾನು ಸಭಾಪಾಲಕನಾಗಿ ನಿವೃತ್ತಿ ಆದಾಂವ, ನಡುವ ಒಂದಿಷ್ಟು ವರ್ಷ ಆಸ್ಪತ್ರ್ಯಾಗ ಚಾಪ್ಲೇನ್ ಅಂತ, ಅಂದ್ರ ರೋಗಿಗಳ ಸಂಗತ ಪ್ರಾರ್ಥನಾ ಮಾತುಕತಿ ಮಾಡೋ ಅಯ್ಯನವರಾಗಿ, ಕೆಲಸ ಮಾಡೀನಿ. ನಿಮ್ಮ ತಂದಿಯವರು ವಾಕ್ಯ ಬಲ್ಲವರು, ಅವರಿಗೆ ವಾಕ್ಯದಿಂದನ ಮಾತಾಡಬೇಕು, ಸುಮ್ನ ತಗೋರಿ ತಗೋರಿ ಅಂದ್ರ ಅವರು ಕೇಳಂಗಿಲ್ಲ, ಕೇಳಬಾರದು ಕೂಡ.

ಮಾರ್ಕ 15:23 ಖರೆ ಅದ. ಕರ್ತನು ಅದನ್ನ ತಗೊಳ್ಳಲಿಲ್ಲ. ಆದ್ರ ಆತ ಶಿಲುಬಿ ಮ್ಯಾಲೆ ಮಾಡಿದ್ದು ನಮಗೋಸ್ಕರ, ಒಂದ ಸಲ, ಅದು ಮುಗದದ. ಇಬ್ರಿಯರ ಪತ್ರಿಕೆ ತುಂಬ ಅದ ಮಾತು ಅದ, ಒಂದೇ ಸಾರಿ, ಎಲ್ಲಾರ ಸಲುವಾಗಿ. ನಿಮ್ಮ ತಂದಿಯವರ ಬೆನ್ನುಮೂಳಿ ನೋವಿನಿಂದ ಆ ಬಲಿಗೆ ಏನೂ ಕೂಡಿಸೋ ಅವಶ್ಯ ಇಲ್ಲ, ಕಡಿಮೆ ಬಿದ್ದದ್ದು ಏನೂ ಇಲ್ಲ ಅಲ್ಲೆ. ನಮ್ಮ ಸಭಾದವರು ಕೃಪೆಯಿಂದ ರಕ್ಷಣೆ ಅಂತ ಹುಟ್ಟಿದಾಗಿಂದ ಹಾಡತೀವಿ, ಹಾಸಿಗಿ ಹಿಡದಾಗ ಮಾತ್ರ ನಾನೂ ಒಂದಿಷ್ಟು ತೆರಬೇಕು ಅನ್ನಸ್ತದ. ಇದು ಭಾಳ ಮಂದಿಗೆ ಆಗ್ತದ, ಒಳ್ಳೆ ವಿಶ್ವಾಸಿಗಳಿಗೇ ಜಾಸ್ತಿ ಆಗ್ತದ.

ಅದ ಯೋಹಾನನ ಸುವಾರ್ತಿ 19 ತಗೀರಿ. ಕಡೀಕ ಕರ್ತನು ನನಗೆ ನೀರಡಿಕೆ ಆಗೇತಿ ಅಂತ ಹೇಳಿದ, ಸ್ಪಂಜಿನ್ಯಾಗ ಹುಳಿರಸ ಕೊಟ್ರು, ಆತ ತಗೊಂಡ. ದೇವರ ಮಗನೇ ಬಾಯಿ ಬಿಟ್ಟು ನನಗ ಬೇಕು ಅಂದಾನ. ಆಮ್ಯಾಲ ಜ್ಞಾನೋಕ್ತಿ 31:6 ನೋಡ್ರಿ, ಸಾಯಾಕತ್ತಾವಗ, ಮನಸ್ಸು ನೊಂದಾವಗ ಮದ್ಯ ಕೊಡ್ರಿ, ಕುಡದು ಅವ ತನ್ನ ಕಷ್ಟ ಮರೀಲಿ ಅಂತ ಅದ. ಆ ಕಾಲಕ್ಕ ನೋವಿಗೆ ಇದ್ದ ಔಷಧ ಅದ. ಯೆರೂಸಲೇಮಿನ್ಯಾಗ ಮರಣದಂಡನೆ ಆದವರಿಗೆ ದ್ರಾಕ್ಷಾರಸ ಕೊಡೋ ಪದ್ಧತಿಗೆ ಯೆಹೂದ್ಯರು ಇದ ವಾಕ್ಯ ಆಧಾರ ಮಾಡಿಕೊಂಡಿದ್ರು. ಅಂದ್ರ ನೋವಿನಾಗ ಇದ್ದಾವಗ ಮಂಪರು ಕೊಡೂದು ಕರುಣೆ ಕೆಲಸ ಅಂತ ಸತ್ಯವೇದನ ಹೇಳ್ತದ. ಇದನ್ನ ನೀವು ಹೇಳೋಕಿಂತ ಅವರ ಕೈಯಾಗ ಸತ್ಯವೇದ ಕೊಟ್ಟು ಈ ಮೂರು ಜಾಗ ತಗದು ಓದ್ರಿ ಅಪ್ಪಾಜಿ ಅಂತ ಕೇಳ್ರಿ. ಕಣ್ಣಿಗೆ ಕಾಣಲಿಲ್ಲಂದ್ರ ನೀವು ಓದ್ರಿ. ತೀರ್ಮಾನ ಅವರಿಗೆ ಬಿಡ್ರಿ. ಓದಿದ ಮ್ಯಾಲೂ ಬ್ಯಾಡ ಅಂದ್ರ ಅದು ಅವರ ಹಕ್ಕು, ಕದ್ದು ಮುಚ್ಚಿ ಗಂಜ್ಯಾಗ ಬೆರಸಿ ಕೊಡೂದು ಮಾತ್ರ ಮಾಡಬ್ಯಾಡ್ರಿ.

ಇನ್ನ ನಂಬಿಕೆ ಸಾಲ್ಲಿಲ್ಲ ಅನ್ನೋ ಮಾತು. ದಾವಣಗೆರೆ ಸಹೋದರರೇ, ಸ್ವಸ್ಥತಾ ಪ್ರಾರ್ಥನಾ ನಾನೂ ಮಾಡೀನಿ, ಯಾಕೋಬನ ಪತ್ರಿಕೆ 5ರಾಗ ಸಭೆಯ ಹಿರಿಯರು ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡ್ಲಿ ಅಂತ ಅದ, ನಾನು ಅದನ್ನ ಬಿಡು ಅಂತ ಯಾರಿಗೂ ಹೇಳಂಗಿಲ್ಲ. ಆದ್ರ ಪೌಲನ ಕೈಯಿಂದ ಭಾಳ ಮಂದಿ ವಾಸಿ ಆದ್ರು, ಅದ ಪೌಲ ತನ್ನ ಜೊತಿಗಾರ ತ್ರೊಫಿಮನ್ನ ಮಿಲೇತ ಊರಾಗ ಬ್ಯಾನಿ ಬಿದ್ದಾಗನ ಬಿಟ್ಟು ಬಂದೆ ಅಂತ 2 ತಿಮೊಥೆಯದಾಗ ಬರದಾನ. ಅಲ್ಲೆ ಯಾರ ನಂಬಿಕಿ ಕಡಿಮಿ ಇತ್ತು? ತನ್ನ ಶರೀರದ ಶೂಲದ ಸಲುವಾಗಿ ಮೂರು ಸಾರಿ ಬೇಡಿದ, ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂತು. ರೋಗಿಗೆ ನಿನ್ನ ನಂಬಿಕಿ ಸಾಲದು ಅನ್ನಿಸೋ ಪ್ರಾರ್ಥನಾ ಹೊರಲಾರದಾವನ ಹೆಗಲ ಮ್ಯಾಲ ಇನ್ನೊಂದು ಮೂಟಿ ಹೊರಿಸಿಧಂಗ. ಅವರ ಮನಸ್ಸಿನ್ಯಾಗ ಹಂಗ ಇರಂಗಿಲ್ಲ, ನನಗ ಗೊತ್ತದ, ಆದ್ರ ಮಂಚದ ಮ್ಯಾಲ ಮಲಗಿದಾವಗ ಹಂಗ ಕೇಳಸ್ತದ.

ಬರೋರನ್ನ ತಡೀಬ್ಯಾಡ್ರಿ, ಬಾಗಿಲ ಹೊರಗ ನಿಂದರಿಸಿ ಮೊದಲ ಹೇಳ್ರಿ, ಅಪ್ಪಾಜಿಗೆ ಜಾಸ್ತಿ ಮಾತು ಆಗಂಗಿಲ್ಲ, ಇಬ್ಬರ ಮ್ಯಾಲ ಒಳಗ ಬರಬ್ಯಾಡ್ರಿ, ಕುರ್ಚಿ ಹಾಕ್ಕೊಂಡು ಕೂಡ್ರಿ, ಒಂದು ಕೀರ್ತನೆ ಓದ್ರಿ, ಸಣ್ಣ ಪ್ರಾರ್ಥನಾ ಮಾಡ್ರಿ, ಹೋಗ್ರಿ. ನಿಂತು ಮಾತಾಡಿದ್ರ ಮಲಗಿದಾವಗ ಎಲ್ಲಾರೂ ಮ್ಯಾಲಿಂದ ಮಾತಾಡಿಧಂಗ ಆಗ್ತದ, ಕೂತ್ರ ಕಣ್ಣಿಗೆ ಕಣ್ಣು ಸೇರ್ತದ. ಏನು ಪ್ರಾರ್ಥನಾ ಮಾಡಲಿ ಮೇಷ್ಟ್ರೇ ಅಂತ ಮೊದಲ ಅವರನ್ನ ಕೇಳಾಕ ಹೇಳ್ರಿ. ಯೇಸುಸ್ವಾಮಿ ಕುರುಡ ಬಾರ್ತಿಮಾಯಗ ಎದುರಿಗೆ ಕಂಡ್ರೂ ಕೇಳಿದ, ನಿನಗ ಏನು ಮಾಡಬೇಕು ಅಂತಿ ಅಂತ. ನಾವು ಮಾತ್ರ ಕೇಳಂಗಿಲ್ಲ.

ಕಡೀದು, ದೇವರು ಯಾಕ ಸುಮ್ನ ಇದ್ದಾನ ಅನ್ನೋ ಪ್ರಶ್ನೆ. ಉತ್ತರ ಹುಡಕಬ್ಯಾಡ ತಂಗಿ. ಸತ್ಯವೇದದಾಗ ಎಲ್ಲಾ ಕಳಕೊಂಡು ಬ್ಯಾನಿ ಬಿದ್ದ ಯೋಬನ ಗೆಳೆಯರು ಬಂದು 7 ದಿನ 7 ರಾತ್ರಿ ನೆಲದ ಮ್ಯಾಲ ಅವನ ಸಂಗತ ಸುಮ್ನ ಕೂತ್ರು, ಅಲ್ಲೀತನಕ ಅವರು ಒಳ್ಳೆ ಗೆಳೆಯರು. ಬಾಯಿ ತಗದು ಕಾರಣ ಹೇಳಾಕ ಹತ್ತಿದ ಮ್ಯಾಲ ಕೆಟ್ಟರು, ದೇವರಿಗೂ ಅವರ ಮ್ಯಾಲ ಸಿಟ್ಟು ಬಂತು. ನಿಮ್ಮ ತಂದಿಯವರು ಮತ್ತ ಕೇಳಿದ್ರ ಹೌದಲ್ರಿ ಅಪ್ಪಾಜಿ, ನಿಮಗ ಹಂಗ ಅನಸಾಕತ್ತದೇನು ಅಂತ ಕೇಳಿ ಸುಮ್ನ ಕೂಡ್ರಿ, ಅವರು ಮುಂದ ಮಾತಾಡ್ತಾರ. 88ನೇ ಕೀರ್ತನೆ ಓದಿ ತೋರಸ್ರಿ, ಬ್ಯಾರೆ ಗೋಳಿನ ಕೀರ್ತನಿ ಹೆಚ್ಚಾಗಿ ಕಡೀಕ ಸ್ತುತಿಗೆ ಬರ್ತಾವ, ಅದು ಬರಂಗಿಲ್ಲ, ಕತ್ತಲ್ಯಾಗ ಮುಗೀತದ. ಹಂಗಿದ್ರೂ ಅದು ಸತ್ಯವೇದದಾಗ ಅದ. ದೇವರಿಗೆ ಸಿಟ್ಟು ಮಾಡಿ ಮಾತಾಡೂದೂ ಪ್ರಾರ್ಥನಾನ, ನಿಮ್ಮ ಅವ್ವಾರಿಗೂ ಇದನ್ನ ನಿಧಾನಕ ತಿಳಿಸಿ ಹೇಳ್ರಿ, ಅವರು ಹೆದರ್ಯಾರ, ಅಷ್ಟ.

ಬಸವನಗುಡಿಯವ

ನಾನು ಕ್ರಿಶ್ಚಿಯನ್ ಅಲ್ಲ, ಆದ್ರೂ ಹೇಳ್ಬೇಕನ್ನಿಸ್ತು. ನಮ್ಮಮ್ಮ ಕೊನೇ ದಿನಗಳಲ್ಲಿ ಇದ್ದಿದ್ದು ಕ್ರೈಸ್ತ ಸಿಸ್ಟರ್‌ಗಳು ನಡೆಸೋ ಒಂದು ಹಾಸ್ಪೈಸಲ್ಲಿ. ಸೇರಿಸುವಾಗ ನೆಂಟರೆಲ್ಲ ಹೆದರಿಸಿದ್ರು, ಅಲ್ಲಿ ಶಿಲುಬೆ ಹಾಕ್ತಾರೆ, ಮತ ಬದಲಾಯಿಸ್ತಾರೆ ಅಂತೆಲ್ಲ. ಅಲ್ಲಿಯ ಸಿಸ್ಟರ್ ಮೊದಲನೇ ದಿನ ಕೇಳಿದ್ದು, ಅಮ್ಮ ದಿನಾ ಬೆಳಿಗ್ಗೆ ಮನೇಲಿ ಏನು ಮಾಡ್ತಿದ್ರಿ ಅಂತ. ಸ್ನಾನ, ದೀಪ, ವಿಷ್ಣು ಸಹಸ್ರನಾಮ ಅಂದ್ರು ಅಮ್ಮ. ಮಾರನೇ ದಿನದಿಂದ ಬೆಳಿಗ್ಗೆ ಮೈ ಒರೆಸಿ ಹಣೆಗೆ ಕುಂಕುಮ ಇಟ್ಟು ಮೊಬೈಲಲ್ಲಿ ಸಹಸ್ರನಾಮ ಹಾಕಿ ಕೊಡ್ತಿದ್ರು. ಆಕ್ಸಿಜನ್ ಇದ್ದಿದ್ರಿಂದ ದೀಪ ಹಚ್ಚೋ ಹಾಗಿರ್ಲಿಲ್ಲ, ಬ್ಯಾಟರಿ ದೀಪ ಒಂದು ಎಲ್ಲಿಂದಲೋ ತಂದಿಟ್ರು. ಅವರ ಪ್ರಾರ್ಥನೆ ಅವರ ಚಾಪೆಲ್‌ನಲ್ಲಿ. ಕಲ್ಕತ್ತಾದ ಕಾಳಿಘಾಟ್‌ನಲ್ಲಿ ಮದರ್ ತೆರೇಸಾ 1952ರಲ್ಲಿ ಶುರು ಮಾಡಿದ ನಿರ್ಮಲ ಹೃದಯದಲ್ಲೂ ಹಿಂದೂಗಳಿಗೆ ಗಂಗಾಜಲ, ಮುಸ್ಲಿಮರಿಗೆ ಕುರಾನ್ ಓದಿಸೋದು, ಅವರವರ ಪದ್ಧತಿ ಇತ್ತು ಅಂತ ಆಮೇಲೆ ಓದಿದೆ.

ಒಂದು ವಿಷಯ ಮಾತ್ರ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಪಕ್ಕದ ಮಂಚದವರ ನೋಡಕ್ಕೆ ಒಂದು ಗುಂಪು ಬಂದು ಜೋರಾಗಿ ಪ್ರಾರ್ಥನೆ ಮಾಡ್ದಾಗ ನಮ್ಮಮ್ಮ ಗಾಬರಿ ಬಿದ್ದು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು, ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ವಾರ್ಡಲ್ಲಿ ಎಲ್ಲರೂ ಅದೇ ಸ್ಥಿತೀಲಿರೋರು. ಅಯ್ಯನವರು ಹೇಳಿದ ಹಾಗೆ ಕೂತು ಮೆಲ್ಲಗೆ ಮಾಡಿದ್ರೆ ಪಕ್ಕದವರಿಗೂ ಅದು ಸಮಾಧಾನ ಆಗ್ತಿತ್ತು.

ವಿಶ್ವಾಸಿ_ದಾವಣಗೆರೆ

ಅಯ್ಯನವರೇ ತ್ರೊಫಿಮನ ವಾಕ್ಯ ನಾನು ಓದಿದೀನಿ, ಆದ್ರೂ ನಾವು ಬೇಡೋದನ್ನ ನಿಲ್ಲಿಸೋ ಹಾಗಿಲ್ಲ ಅನ್ನೋದೇ ನನ್ನ ಮನಸ್ಸು, ಬೇಡಿಕೊಳ್ಳಿರಿ ನಿಮಗೆ ದೊರೆಯುವದು ಅಂತ ಕರ್ತನೇ ಹೇಳಿದಾನೆ. ಸಾವಿಗೆ ರೆಡಿ ಮಾಡೋದನ್ನೇ ಆರೈಕೆ ಅಂತ ಅಂದ್ಬಿಟ್ರೆ ಅದ್ಭುತಕ್ಕೆ ಜಾಗ ಎಲ್ಲಿ? ಬಸವನಗುಡಿ ಅಣ್ಣ, ನಿಮ್ಮ ತಾಯಿಗೆ ಹಾಗಾಗಿದ್ದಕ್ಕೆ ನಿಜವಾಗ್ಲೂ ಬೇಜಾರಾಯ್ತು. ಗಟ್ಟಿಯಾಗಿ ಮಾಡಿದ್ರೇ ದೇವರಿಗೆ ಕೇಳ್ಸೋದು ಅಂತೇನಿಲ್ಲ, ಅದು ನಾನು ಒಪ್ತೀನಿ.

ನಿವೃತ್ತ_ಅಯ್ಯನವರು_ಹುಬ್ಬಳ್ಳಿ

ಬೇಡೂದು ನಿಲ್ಲಸ್ರಿ ಅಂತ ನಾ ಅಂದಿಲ್ಲ. ಗೆತ್ಸೇಮನೆ ತ್ವಾಟದಾಗ ಕರ್ತನೂ ಈ ಪಾತ್ರೆ, ಅಂದ್ರ ಬರಲಿರೋ ಶಿಲುಬಿ ಕಷ್ಟ, ನನ್ನಿಂದ ತೊಲಗಲಿ ಅಂತ ಬೇಡಿದ, ಅದ ಉಸಿರಿನ್ಯಾಗ ನಿನ್ನ ಚಿತ್ತದಂತೆಯೇ ಆಗಲಿ ಅಂದ. ಎರಡೂ ಕೂಡೇ ಹೇಳಾಕ ಬರ್ತದ ಅನ್ನೋದಕ್ಕ ಅದ ಸಾಕ್ಷಿ. ನೀವು ಮೊದಲನೇದ್ದು ಬೇಡ್ರಿ, ಎರಡನೇದ್ದು ಮೇಷ್ಟ್ರು ಹೇಳಾಕ ಬಯಸಿದ್ರ ಅದಕ್ಕ ಜಾಗ ಬಿಡ್ರಿ.

ಕಾನೂನು_ಮಿತ್ರ

ಐಸಿಯು ವಿಷಯಕ್ಕೆ ಮಾತ್ರ ಹೇಳ್ತೀನಿ. ತಂದೆಯವರಿಗೆ ಪೂರ್ತಿ ಪ್ರಜ್ಞೆ ಇದೆ ಅಂದ್ರೆ ಕೇಳ್ಬೇಕಾಗಿರೋದು ನಿಮ್ಮನ್ನೂ ಅಲ್ಲ ನಿಮ್ಮಣ್ಣನನ್ನೂ ಅಲ್ಲ, ಅವರನ್ನ. ವೆಂಟಿಲೇಟರ್ ಬೇಕಾ ಬೇಡ್ವಾ ಅಂತ ಹೇಳೋ ಹಕ್ಕು ರೋಗಿಗಿದೆ. 2018ರ ಮಾರ್ಚ್ 9ಕ್ಕೆ ಸುಪ್ರೀಂ ಕೋರ್ಟು ಗೌರವದಿಂದ ಸಾಯೋ ಹಕ್ಕನ್ನ ಒಪ್ಪಿ, ಕೊನೇಲಿ ಯಾವ ಚಿಕಿತ್ಸೆ ಬೇಡ ಅಂತ ಮುಂಚಿತವಾಗಿ ಬರೆದಿಡೋ ಪತ್ರಕ್ಕೂ ಮಾನ್ಯತೆ ಕೊಡ್ತು, 2023ರಲ್ಲಿ ಅದನ್ನ ಸುಲಭ ಮಾಡಿದಾರೆ, ಈಗ ಇಬ್ಬರು ಸಾಕ್ಷಿ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಹತ್ರ ದೃಢೀಕರಿಸಿದ್ರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಲಿ ಇದನ್ನ ಜಾರಿ ಮಾಡೋಕೆ ಆದೇಶವನ್ನೂ ಹೊರಡಿಸ್ತು. ಚುಚ್ಚಿ ಸಾಯಿಸೋದು ಬೇರೆ, ಅದು ಕಾನೂನಲ್ಲೂ ಇಲ್ಲ. ಫಲವಿಲ್ಲದ ಯಂತ್ರ ಬೇಡ ಅನ್ನೋದು ಬೇರೆ. ಅಣ್ಣನ್ನ ವಿಡಿಯೋ ಕಾಲಲ್ಲಿ ತಗೊಂಡು ತಂದೆ ಬಾಯಿಂದಾನೇ ಹೇಳ್ಸಿ. ದೂರದಲ್ಲಿರೋ ಮಕ್ಕಳಿಗೆ ಏನೂ ಮಾಡಕ್ಕಾಗ್ತಿಲ್ಲ ಅನ್ನೋ ಸಂಕಟ ಇರತ್ತೆ, ದುಡ್ಡು ಐಸಿಯು ಅಂತ ಅದು ಹೊರಗೆ ಬರೋದು. ಆಗತ್ತೆ ಅಂದ್ರೆ ಬಂದು ನೋಡ್ಕೊಂಡು ಹೋಗು ಅನ್ನಿ.

ಮೈಸೂರ_ಮಗಳು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಲೇಟಾಗಿ ಬರೀತಿದೀನಿ.

ಮಾತ್ರೆ ಉಗೀತಿದ್ದ ವಿಷಯ ನರ್ಸ್‌ಗೆ ಹೇಳಿದೆ, ಅವರು ಬೈಲಿಲ್ಲ, ಡಾಕ್ಟರ್ ಬಂದು ಕೂತು ಅಪ್ಪಂಗೆ ಡೋಸು ಟೈಮು ಎಲ್ಲ ಪೇಪರ್ ಮೇಲೆ ಬರೆದು ತೋರಿಸಿದ್ರು, ಅಪ್ಪ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ್ರು. ಸಾಯಂಕಾಲ ಸತ್ಯವೇದ ಕೊಟ್ಟೆ. ಯೋಹಾನ 19 ನಾನು ಓದಿದೆ, ಜ್ಞಾನೋಕ್ತಿ 31 ಅವರೇ ಕನ್ನಡಕ ಹಾಕ್ಕೊಂಡು ಓದಿದ್ರು. ಇದು ಯಾರು ಹೇಳ್ಕೊಟ್ರು ನಿಂಗೆ ಅಂದ್ರು, ಹುಬ್ಬಳ್ಳಿ ಅಯ್ಯನವರೊಬ್ರು ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಸರಿ ಮೊದಲು ಸಣ್ಣ ಡೋಸು ಕೊಡ್ಲಿ ನೋಡೋಣ ಅಂದ್ರು. ಈಗ ತಗೋತಿದಾರೆ. ನೋವು ಪೂರ್ತಿ ಹೋಗಿಲ್ಲ, ಆದ್ರೆ ಮಗ್ಗುಲು ತಿರುಗಿಸೋವಾಗ ಮುಖ ಅಷ್ಟು ಕಿವುಚಲ್ಲ, ಮಧ್ಯಾಹ್ನ ಒಂದೊಂದು ಸಲ ಅಮ್ಮನ ಹತ್ರ ಹಳೇ ವಿಷಯ ಎಲ್ಲ ಮಾತಾಡ್ತಾರೆ.

ಮಾತಾಡೋ ಶಕ್ತಿ ಬಂದ್ಮೇಲೆ ಗೊತ್ತಾಯ್ತು, ಅವರ ಮನಸ್ಸಲ್ಲಿ ಇದ್ದಿದ್ದು ಬೇರೇನೇ. ತಾತನ ಜಮೀನಿನ ವಿಷಯದಲ್ಲಿ ಚಿಕ್ಕಪ್ಪನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅವರನ್ನ ಕರೆಸು ಅಂದ್ರು. ಕರೆದಿದೀನಿ, ಬರ್ತಾರೋ ಇಲ್ವೋ ಗೊತ್ತಿಲ್ಲ. ದೇವರು ಸುಮ್ಮನಿದಾನೆ ಅನ್ನೋ ಮಾತು ಇನ್ನೊಂದ್ಸಲ ಬಂತು, ಅಯ್ಯನವರು ಹೇಳಿದ ಹಾಗೆ ಉತ್ರ ಕೊಡಕ್ಕೆ ಹೋಗ್ಲಿಲ್ಲ. 88ನೇ ಕೀರ್ತನೆ ಅವರಿಗೆ ಮೊದಲೇ ಗೊತ್ತಿತ್ತಂತೆ, ಸಭೇಲಿ ಅದನ್ನ ಯಾರೂ ಓದಿಸಲ್ಲ ನೋಡು ಅಂದ್ರು. ಅಮ್ಮ ಎದ್ದು ಹೊರಗೆ ಹೋದ್ರು, ಅವರಿಗೆ ಇನ್ನೂ ಕಷ್ಟಾನೇ. ಅಣ್ಣ ಇನ್ನೂ ಒಪ್ಪಿಲ್ಲ, ಆದ್ರೆ ಟಿಕೆಟ್ ನೋಡ್ತಿದಾನೆ.

ಇನ್ನೊಂದು ಪ್ರಶ್ನೆ. ಅಪ್ಪ ಕರ್ತನ ಭೋಜನ (ಸಭೇಲಿ ಕೊಡೋ ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ತಗೋಬೇಕು ಅಂತಿದಾರೆ, ನಮ್ಮ ಅಯ್ಯನವರು ಬರಕ್ಕೆ ಒಪ್ಪಿದಾರೆ. ಆದ್ರೆ ನುಂಗೋದು ಕಷ್ಟ ಆಗ್ತಿದೆ, ನೀರು ಕುಡಿದ್ರೂ ಕೆಮ್ಮು ಬರತ್ತೆ. ಹೇಗೆ ಮಾಡೋದು?

ಕಡಲತಡಿಯ_ನರ್ಸ್

ಅಯ್ಯನವರು ಬರುವ ಹೊತ್ತನ್ನು ವಾರ್ಡಿನವರಿಗೆ ಮೊದಲೇ ತಿಳ್ಸಿ, ಮದ್ದು ಕೊಟ್ಟು ಮುಕ್ಕಾಲು, ಒಂದು ಗಂಟೆ ಆದ ಮೇಲಿನ ಹೊತ್ತು ಒಳ್ಳೇದು, ಆಗ ನೋವು ಕಮ್ಮಿ ಇರ್ತದೆ. ತಲೆಯ ಕಡೆ ಮಂಚ ಎತ್ತರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿರ್ಲಿ. ಮೊದಲು ಒದ್ದೆ ಹತ್ತಿಯಿಂದ ಬಾಯಿ ಒರೆಸಿ, ಒಣಗಿದ ಬಾಯಿಗೆ ರೊಟ್ಟಿ ಅಂಟ್ತದೆ. ನುಂಗ್ಲಿಕ್ಕೆ ಆಗುದೇ ಇಲ್ಲ ಅಂತಾದ್ರೆ ನಮ್ಮಲ್ಲಿ ದ್ರಾಕ್ಷಾರಸ ಮಾತ್ರ ಒಂದೆರಡು ಹನಿ ಕೊಡ್ಲಿಕ್ಕೆ ಅನುಮತಿ ಉಂಟು, ಅಷ್ಟರಲ್ಲೇ ಸಂಸ್ಕಾರ ಪೂರ್ಣ. ನಿಮ್ಮಲ್ಲಿ ಹೇಗೆ ಅಂತ ಹುಬ್ಬಳ್ಳಿಯವರು ಹೇಳ್ಲಿ. ಕೆಮ್ಮು ಬಂದ್ರೆ ಅಲ್ಲಿಗೇ ನಿಲ್ಸಿ, ಒತ್ತಾಯ ಬೇಡ. ನುಂಗುವ ಕಷ್ಟ ಹೊಸದಾದ್ರೆ ಡಾಕ್ಟರಿಗೂ ಹೇಳಿ, ಮಾತ್ರೆ ಬದಲು ಚರ್ಮದ ಅಡಿಗೆ ಸೂಜಿಯಲ್ಲಿ ಮಾರ್ಫಿನ್ ಕೊಡ್ಲಿಕ್ಕಾಗ್ತದೆ.

ಅಮ್ಮನನ್ನು ಮರೀಬೇಡಿ. ಹಾಸ್ಪೈಸಿನಲ್ಲಿ ಮನೆಯವರ ಹತ್ರ ಮಾತಾಡ್ಲಿಕ್ಕೆ ಕೌನ್ಸೆಲರ್ ಇರ್ತಾರೆ, ಕೇಳಿ ನೋಡಿ. ರೋಗಿ ಹೋದ ಮೇಲೆಯೂ ಅವರು ಫೋನ್ ಮಾಡಿ ವಿಚಾರಿಸುವ ಕ್ರಮ ಉಂಟು.

ನಿವೃತ್ತ_ಅಯ್ಯನವರು_ಹುಬ್ಬಳ್ಳಿ

ನಮ್ಮಲ್ಲೂ ಹಂಗ ಮಾಡ್ತೀವಿ, ರೊಟ್ಟಿ ಚೂರು ದ್ರಾಕ್ಷಾರಸದಾಗ ಅದ್ದಿ ತುಟಿಗೆ ಮುಟ್ಟಿಸಿದ್ರೂ ಸಾಕು. ಏನೂ ತಗೊಳ್ಳಾಕ ಆಗಲಿಲ್ಲಂದ್ರೂ ಮನಸ್ಸಿನಿಂದ ತಗೊಂಡಾಂವ ತಗೊಂಡಾನ, ಇದನ್ನ ನಿಮ್ಮ ಅಯ್ಯನವರು ಅವರಿಗೆ ಬಾಯಿ ಬಿಟ್ಟು ಹೇಳಬೇಕು. ಆರಾಧನಾ ಕ್ರಮ ಪೂರ್ತಿ ಓದಾಕ ಹೋಗಬ್ಯಾಡ್ರಿ ಅಂತ ನನ್ನ ಹೆಸರು ಹೇಳಿ ತಿಳಸ್ರಿ, ಪಾಪದ ಅರಿಕೆ, ಕ್ಷಮಾಪಣೆ ವಾಕ್ಯ, ಕರ್ತನ ಪ್ರಾರ್ಥನೆ, ಇಷ್ಟು ಇರಲಿ, ಕರ್ತನ ಪ್ರಾರ್ಥನೆಯನ್ನ ಮಾತ್ರ ಅವಸರ ಮಾಡದ ಹೇಳ್ರಿ, ಅವರ ತುಟಿ ಕೂಡೇ ಅಲ್ಲಾಡ್ತಾವ. 23ನೇ ಕೀರ್ತನೆನೂ ಹಳೇ ಸತ್ಯವೇದದ್ದ ಓದ್ರಿ, ಯೆಹೋವನು ನನಗೆ ಕುರುಬನು ಅನ್ನೋದು ಸಣ್ಣಾವ ಇದ್ದಾಗಿಂದ ಅವರಿಗೆ ಬಾಯಿಪಾಠ ಇರ್ತದ, ಹೊಸ ಅನುವಾದ ಎಷ್ಟ ಚಲೋ ಇದ್ರೂ ಈಗ ಬ್ಯಾಡ.

ಚಿಕ್ಕಪ್ಪ ಬಂದ್ರ ಅವರಿಬ್ಬರನ್ನ ಅಷ್ಟ ಬಿಟ್ಟು ನೀವೆಲ್ಲ ಹೊರಗ ಬರ್ರಿ. ಭೋಜನಕ್ಕ ಮೊದಲ ಬಂದ್ರ ಇನ್ನೂ ಛಲೋ. ಬರಲಿಲ್ಲಂದ್ರ ನಿಮ್ಮ ತಂದಿಯವರು ಹೇಳಬೇಕಂದದ್ದನ್ನ ಒಂದು ಹಾಳಿ ಮ್ಯಾಲ ನೀವು ಬರಕೊಂಡು ಅವರ ಕೈಲೆ ಸಹಿ ಹಾಕಿಸಿ ಚಿಕ್ಕಪ್ಪಗ ಕಳಸ್ರಿ, ಫೋನಿನ್ಯಾಗ ದನಿ ರೆಕಾರ್ಡ್ ಮಾಡಿದ್ರೂ ಆದೀತು. ಇವತ್ತ ಮಾಡ್ರಿ, ನಾಳೆ ಅಂತ ಇಡಬ್ಯಾಡ್ರಿ.